ತುರಿಕೆ ಒಂದೇ, ಹಿಂದಿರುವ ಕಣಗಳು ಬೇರೆ

ಔಷಧಿ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ತುರಿಕೆಗೆ ಒಂದು ಟ್ಯೂಬ್ ಕೊಡಿ.’ ಒಬ್ಬರು ಮೊಣಕೈ ತೋರಿಸುತ್ತಾರೆ, ಇನ್ನೊಬ್ಬರು ಕತ್ತು, ಮತ್ತೊಬ್ಬರು ಸೊಂಟದ ಮೇಲೆ ಎತ್ತಿಕೊಂಡ ಮಗುವಿನ ಕೆನ್ನೆ. ಮೂವರ ಕೈಗೂ ಬರುವುದು ಬಹುಮಟ್ಟಿಗೆ ಒಂದೇ ಟ್ಯೂಬು: ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯಾಟಿಕ್ ಮೂರನ್ನೂ ಬೆರೆಸಿದ ಮುಲಾಮು. ಎರಡು ದಿನದಲ್ಲಿ ತುರಿಕೆ ಇಳಿಯುತ್ತದೆ. ಹದಿನೈದು ದಿನಕ್ಕೆ ಮೊದಲಿಗಿಂತ ಜೋರಾಗಿ ಮರಳುತ್ತದೆ.

ಆ ಮೂವರ ಚರ್ಮದ ಕೆಳಗೆ ನಡೆಯುತ್ತಿರುವುದು ಒಂದೇ ರೋಗ ಆಗಿರಬೇಕೆಂದಿಲ್ಲ. ಮೊಣಕೈಯದು ಸೋರಿಯಾಸಿಸ್ ಇರಬಹುದು, ಕತ್ತಿನದು ಹೊಲದ ಕಾಂಗ್ರೆಸ್ ಗಿಡದಿಂದ ಬಂದ ಅಲರ್ಜಿ ಇರಬಹುದು, ಮಗುವಿನ ಕೆನ್ನೆಯದು ಅಟಾಪಿಕ್ ಇಸುಬು ಇರಬಹುದು. ಮೂರಕ್ಕೂ ವೈದ್ಯರು ‘ಚರ್ಮದ ಉರಿಯೂತ’ ಎಂದೇ ಹೇಳುತ್ತಾರೆ. ಆದರೆ ಆ ಉರಿಯನ್ನು ಹೊತ್ತಿಸುವ ರಕ್ಷಣಾ ಕಣಗಳು ಮೂರರಲ್ಲೂ ಬೇರೆ. ಯಾವ ಕಣ ಎಂಬುದು ಗೊತ್ತಾಗದೆ ಕೊಡುವ ಮದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಕಳೆದ ನಲವತ್ತು ವರ್ಷಗಳಲ್ಲಿ ಚರ್ಮವೈದ್ಯ ಕಲಿತ ದೊಡ್ಡ ಪಾಠ ಇದು. ಈ ಪಾಠ ರೋಗಿಗೂ ಗೊತ್ತಿದ್ದರೆ ಹಣ, ಕಾಲ, ಚರ್ಮ ಮೂರೂ ಉಳಿಯುತ್ತವೆ.

ಚರ್ಮದೊಳಗೂ ಕಾವಲು ಇದೆ

ಚರ್ಮ ಎಂದರೆ ಮೈಮೇಲಿನ ಹೊದಿಕೆ ಅಷ್ಟೇ ಎಂದುಕೊಂಡಿದ್ದ ಕಾಲವೊಂದಿತ್ತು. 1868ರಲ್ಲಿ ಬರ್ಲಿನ್‌ನ ವೈದ್ಯಕೀಯ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹ್ಯಾನ್ಸ್ ಹೊರಚರ್ಮದಲ್ಲಿ ಕೊಂಬೆ ಚಾಚಿದಂಥ ಕಣಗಳನ್ನು ಕಂಡರು. ನರಕ್ಕೆ ಸೇರಿದ ಕಣಗಳಿರಬೇಕು ಎಂದು ಭಾವಿಸಿದರು. ಅವು ಕಾವಲುಗಾರರು ಎಂದು ಗೊತ್ತಾಗಲು ನೂರು ವರ್ಷ ಬೇಕಾಯಿತು. ಹೊರಗಿನಿಂದ ಬಂದ ವಸ್ತುವಿನ ಚೂರನ್ನು ಹಿಡಿದು, ಹತ್ತಿರದ ಹಾಲ್ರಸ ಗ್ರಂಥಿಗೆ ಒಯ್ದು, ‘ನೋಡಿ, ಇದು ಬಂದಿದೆ’ ಎಂದು ಟಿ ಕಣಗಳಿಗೆ ತೋರಿಸುವುದು ಅವುಗಳ ಕೆಲಸ.

ಟಿ ಕಣ ಒಂದು ಬಗೆಯ ಬಿಳಿ ರಕ್ತಕಣ. ಹೆಸರಿಗೆ ರಕ್ತಕಣವಾದರೂ ಆರೋಗ್ಯವಂತ ಮನುಷ್ಯನ ಚರ್ಮದಲ್ಲೇ ಸುಮಾರು 2,000 ಕೋಟಿ ಟಿ ಕಣಗಳಿರುತ್ತವೆ ಎಂದು 2006ರಲ್ಲಿ ಲೆಕ್ಕ ಹಾಕಲಾಯಿತು. ರಕ್ತದಲ್ಲಿ ಹರಿದಾಡುವುದಕ್ಕಿಂತ ಅದು ಹೆಚ್ಚುಕಡಿಮೆ ಎರಡು ಪಟ್ಟು.

ಈ ಕಣಗಳೆಲ್ಲ ಒಂದೇ ಕೆಲಸ ಮಾಡುವುದಿಲ್ಲ. 1986ರಲ್ಲಿ ಅಮೆರಿಕದ ಟಿಮ್ ಮಾಸ್‌ಮನ್ ಮತ್ತು ರಾಬರ್ಟ್ ಕಾಫ್‌ಮನ್ ಇಲಿಯ ಸಹಾಯಕ ಟಿ ಕಣಗಳಲ್ಲಿ ಎರಡು ಪಂಗಡ ಗುರುತಿಸಿ, ಟಿಎಚ್-1, ಟಿಎಚ್-2 ಎಂದು ಹೆಸರಿಟ್ಟರು. 2005ರಲ್ಲಿ ಮೂರನೆಯ ಪಂಗಡ ಸೇರಿತು: ಟಿಎಚ್-17. ಇವುಗಳ ಜೊತೆಗೆ ಸಿಡಿ-8 ಎಂಬ ಸಂಹಾರಕ ಟಿ ಕಣಗಳಿವೆ. ಇವು ಒಂದಕ್ಕೊಂದು, ಸುತ್ತಲಿನ ಕಣಗಳಿಗೂ ಸಂದೇಶ ಕಳಿಸುವುದು ಸೈಟೋಕೈನ್ ಎಂಬ ಪ್ರೋಟೀನುಗಳ ಮೂಲಕ. ಲ್ಯಾಬ್ ವರದಿಗಳಲ್ಲಿ, ಔಷಧಿಯ ವಿವರಗಳಲ್ಲಿ ಕಾಣುವ ‘ಐಎಲ್-17’, ‘ಐಎಲ್-4’ ಎಂಬ ಹೆಸರುಗಳೆಲ್ಲ ಇಂಥ ಸಂದೇಶಗಳದು.

ಒಳ್ಳೆಯ ದಿನಗಳಲ್ಲಿ ಈ ಪಂಗಡಗಳು ಕೆಲಸ ಹಂಚಿಕೊಂಡಿರುತ್ತವೆ. ಟಿಎಚ್-17 ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಟಿಎಚ್-2 ಹೊಟ್ಟೆಹುಳು, ಉಣ್ಣೆಯಂಥ ಪರಾವಲಂಬಿಗಳನ್ನು ಓಡಿಸುತ್ತದೆ. ಟಿಎಚ್-1 ಮತ್ತು ಸಿಡಿ-8 ವೈರಸ್ ಹೊಕ್ಕ ಜೀವಕೋಶಗಳನ್ನು ಮುಗಿಸುತ್ತವೆ. ಶತ್ರು ಇಲ್ಲದ ಕಡೆಯೂ, ಇದ್ದದ್ದಕ್ಕಿಂತ ಹೆಚ್ಚಾಗಿಯೂ ಇವುಗಳಲ್ಲಿ ಒಂದು ಪಂಗಡ ಯುದ್ಧಕ್ಕೆ ಇಳಿದರೆ ಚರ್ಮರೋಗ. ಯಾವ ಪಂಗಡ ಇಳಿಯಿತು ಎಂಬುದರ ಮೇಲೆ ಯಾವ ರೋಗ.

ಸೋರಿಯಾಸಿಸ್: ಹದಿನೇಳರ ಪಡೆ

ಸೋರಿಯಾಸಿಸ್‌ನ ಕಲೆಯನ್ನು ಹತ್ತಿರದಿಂದ ನೋಡಿ. ಅಂಚು ಗೆರೆ ಕೊರೆದಂತೆ ಸ್ಪಷ್ಟ. ದಪ್ಪನೆಯ ತಳದ ಮೇಲೆ ಬೆಳ್ಳಿ ಬಣ್ಣದ ಹೊಟ್ಟು ಪದರ ಪದರವಾಗಿ ಕೂತಿರುತ್ತದೆ. ವೈದ್ಯರು ಗಾಜಿನ ಪಟ್ಟಿಯಿಂದ ಮೆಲ್ಲಗೆ ಕೆರೆದರೆ ಮೇಣದಬತ್ತಿಯನ್ನು ಉಗುರಿನಿಂದ ಕೆರೆದಂತೆ ಪುಡಿ ಉದುರುತ್ತದೆ. ಕೊನೆಯ ತೆಳು ಪೊರೆ ಎದ್ದಾಗ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು ಮೂಡುತ್ತವೆ. ಮೊಣಕೈ, ಮೊಣಕಾಲಿನ ಚಿಪ್ಪು, ಸೊಂಟದ ಹಿಂಭಾಗ, ತಲೆಬುರುಡೆ, ಉಗುರು ಇದರ ಮೆಚ್ಚಿನ ಜಾಗಗಳು. ತಲೆಯಲ್ಲಿ ಬಂದದ್ದನ್ನು ಎಷ್ಟೋ ಜನ ತಲೆಹೊಟ್ಟು ಎಂದುಕೊಂಡು ವರ್ಷಗಟ್ಟಲೆ ಶಾಂಪೂ ಬದಲಾಯಿಸುತ್ತಿರುತ್ತಾರೆ.

ಹೊಟ್ಟು ಏಕೆ? ಆರೋಗ್ಯವಂತ ಹೊರಚರ್ಮದ ಜೀವಕೋಶ ತಳದಲ್ಲಿ ಹುಟ್ಟಿ ಮೇಲೆ ಬಂದು ಉದುರಲು ಸುಮಾರು 28 ದಿನ ಬೇಕು. ಸೋರಿಯಾಸಿಸ್‌ನಲ್ಲಿ ಆ ಪಯಣ ಮೂರರಿಂದ ಐದು ದಿನದಲ್ಲಿ ಮುಗಿಯುತ್ತದೆ. ಬಲಿಯದ ಜೀವಕೋಶಗಳು ಒಂದರ ಮೇಲೊಂದು ಪೇರಿಸಿಕೊಳ್ಳುತ್ತವೆ. ಈ ಅವಸರ ಕಂಡು, ಇದು ಚರ್ಮದ ಜೀವಕೋಶಗಳದೇ ರೋಗ ಎಂದು ವೈದ್ಯರು ಬಹುಕಾಲ ನಂಬಿದ್ದರು. 1979ರಲ್ಲಿ ಸಂಧಿವಾತಕ್ಕೆಂದು ಸೈಕ್ಲೋಸ್ಪೋರಿನ್ ಕೊಟ್ಟ ರೋಗಿಗಳಲ್ಲಿ ಅನಿರೀಕ್ಷಿತವಾಗಿ ಸೋರಿಯಾಸಿಸ್ ವಾಸಿಯಾದದ್ದು ಕಂಡುಬಂತು. ಆ ಔಷಧಿ ತಡೆಯುವುದು ಟಿ ಕಣಗಳನ್ನು. ಅಲ್ಲಿಂದ ಮುಂದೆ ಎಲ್ಲರ ಕಣ್ಣು ರಕ್ಷಣಾ ಕಣಗಳ ಕಡೆ ತಿರುಗಿತು.

ಈಗ ನಮಗೆ ಗೊತ್ತಿರುವ ಕಥೆ ಹೀಗಿದೆ. ಚರ್ಮದ ಕಾವಲು ಕಣಗಳು ಐಎಲ್-23 ಎಂಬ ಸಂದೇಶ ಕಳಿಸುತ್ತವೆ. ಅದು ಟಿಎಚ್-17 ಪಡೆಯನ್ನು ಸಾಕಿ ಬೆಳೆಸುತ್ತದೆ. ಆ ಪಡೆ ಐಎಲ್-17, ಐಎಲ್-22 ಸುರಿಸುತ್ತದೆ. ಇವು ಹೊರಚರ್ಮದ ಜೀವಕೋಶಗಳಿಗೆ ‘ಬೇಗ ಬೆಳೆಯಿರಿ’ ಎಂದು ಅಪ್ಪಣೆ ಕೊಡುತ್ತವೆ, ಜೊತೆಗೆ ರಕ್ತದಿಂದ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳನ್ನು ಕರೆಸುತ್ತವೆ. ಬಯಾಪ್ಸಿಯಲ್ಲಿ ಹೊಟ್ಟಿನ ಪದರದೊಳಗೆ ಈ ನ್ಯೂಟ್ರೋಫಿಲ್‌ಗಳು ಪುಟ್ಟ ಗುಂಪುಗಳಾಗಿ ಕೂತಿರುವುದು ಕಂಡರೆ ಪರೀಕ್ಷಕರಿಗೆ ಸೋರಿಯಾಸಿಸ್ ಎಂಬ ನಂಬಿಕೆ ಗಟ್ಟಿಯಾಗುತ್ತದೆ.

ಇದೇ ಉರಿಯೂತ ಕೀಲುಗಳನ್ನೂ ಹಿಡಿಯಬಲ್ಲದು. ಬೆಳಿಗ್ಗೆ ಎದ್ದಾಗ ಬೆರಳುಗಳು ಮಡಚಲಾಗದಷ್ಟು ಬಿಗಿಯಾಗಿದ್ದರೆ, ಒಂದು ಬೆರಳು ಪೂರ್ತಿ ಊದಿದ್ದರೆ, ಹಿಮ್ಮಡಿ ನೋಯುತ್ತಿದ್ದರೆ ಚರ್ಮತಜ್ಞರಿಗೆ ಹೇಳಲೇಬೇಕು. ತಡ ಮಾಡಿದರೆ ಕೀಲು ಸವೆಯುತ್ತದೆ. ಸವೆದ ಕೀಲು ಮತ್ತೆ ಮೊದಲಿನಂತಾಗುವುದಿಲ್ಲ.

ಅಟಾಪಿಕ್ ಇಸುಬು: ಬಿರುಕು ಗೋಡೆ, ಎರಡರ ಪಡೆ

ಮಗುವಿನ ಕೆನ್ನೆಯಲ್ಲಿ ಶುರುವಾಗಿ, ದೊಡ್ಡದಾದಂತೆ ಮೊಣಕೈಯ ಒಳಮಡಿಕೆ, ಮಂಡಿಯ ಹಿಂಭಾಗ, ಕತ್ತು, ಮಣಿಕಟ್ಟಿಗೆ ಇಳಿಯುವುದು ಅಟಾಪಿಕ್ ಇಸುಬು. ಅಂಚು ಮಸುಕು. ಹೊಟ್ಟಿಗಿಂತ ಒಣಗು ಹೆಚ್ಚು, ಕೆಲವೊಮ್ಮೆ ರಸ ಸುರಿಯುತ್ತದೆ. ತುರಿಕೆಯಂತೂ ರಾತ್ರಿ ನಿದ್ದೆ ಕೊಡುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಆಸ್ತಮಾ, ಅಲರ್ಜಿ ಶೀತ, ಕಣ್ಣುರಿ ಇರುವುದು ಸಾಮಾನ್ಯ.

ಇಲ್ಲಿ ಮೊದಲು ಕೆಡುವುದು ಗೋಡೆ. ಹೊರಚರ್ಮವನ್ನು ಗಾರೆಯಂತೆ ಗಟ್ಟಿಯಾಗಿ ಹಿಡಿದಿಡಲು ಫಿಲಾಗ್ರಿನ್ ಎಂಬ ಪ್ರೋಟೀನ್ ಬೇಕು. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಇರ್ವಿನ್ ಮೆಕ್ಲೀನ್ ಅವರ ತಂಡ 2006ರಲ್ಲಿ ಈ ಪ್ರೋಟೀನಿನ ಜೀನ್ ಕೆಟ್ಟಿರುವವರಿಗೆ ಅಟಾಪಿಕ್ ಇಸುಬು ಬರುವ ಸಾಧ್ಯತೆ ಹೆಚ್ಚು ಎಂದು ತೋರಿಸಿತು. ಗೋಡೆ ಬಿರುಕು ಬಿಟ್ಟರೆ ಒಳಗಿನ ನೀರು ಆರುತ್ತದೆ, ಹೊರಗಿನ ಧೂಳು, ಸೋಪು, ಬ್ಯಾಕ್ಟೀರಿಯಾ ಒಳಗೆ ನುಸುಳುತ್ತವೆ. ಆಗ ಎಚ್ಚರಗೊಳ್ಳುವುದು ಟಿಎಚ್-2. ಅದು ಸುರಿಸುವ ಐಎಲ್-4, ಐಎಲ್-13 ಗೋಡೆಯನ್ನು ಇನ್ನಷ್ಟು ಸಡಿಲಿಸುತ್ತವೆ. ಐಎಲ್-31 ನೇರವಾಗಿ ತುರಿಕೆಯ ನರಗಳನ್ನೇ ಕೆಣಕುತ್ತದೆ. ಇಯೋಸಿನೋಫಿಲ್ ಎಂಬ ಕಣಗಳು ಬಂದು ಸೇರುತ್ತವೆ. ಹಲವರ ರಕ್ತದಲ್ಲಿ ಐಜಿಇ ಎಂಬ ಪ್ರತಿಕಾಯ ಏರಿರುತ್ತದೆ. ಅಂಗಳಕ್ಕೆ ಬಂದವರು ಯಾರು ನೋಡಿ: ಸೋರಿಯಾಸಿಸ್‌ನಲ್ಲಿ ನ್ಯೂಟ್ರೋಫಿಲ್, ಇಲ್ಲಿ ಇಯೋಸಿನೋಫಿಲ್.

ಇನ್ನೂ ಒಂದು ವ್ಯತ್ಯಾಸ ಮನೆಯವರಿಗೇ ಕಾಣುವಂಥದ್ದು. ಇಸುಬಿನ ಚರ್ಮಕ್ಕೆ ಕೀವು ಬೇಗ ಹತ್ತುತ್ತದೆ. ಇಸುಬು ಎದ್ದ ಜಾಗದಲ್ಲಿ ನೂರಕ್ಕೆ ಸುಮಾರು 70 ರೋಗಿಗಳಲ್ಲಿ ಸ್ಟಾಫಿಲೋಕಾಕಸ್ ಆರಿಯಸ್ ಬ್ಯಾಕ್ಟೀರಿಯಾ ಸಿಗುತ್ತದೆ. ಸೋರಿಯಾಸಿಸ್ ಕಲೆ ನೋಡಲು ಎಷ್ಟೇ ಭೀಕರವಾಗಿದ್ದರೂ ಅದಕ್ಕೆ ಸೋಂಕು ತಗಲುವುದು ಅಪರೂಪ. ಕಾರಣ ಕಣಗಳಲ್ಲೇ ಇದೆ. ಐಎಲ್-17 ಚರ್ಮದಿಂದ ಬ್ಯಾಕ್ಟೀರಿಯಾ ಕೊಲ್ಲುವ ಪ್ರೋಟೀನುಗಳನ್ನು ಧಾರಾಳವಾಗಿ ಹೊರಡಿಸುತ್ತದೆ, ಐಎಲ್-4 ಮತ್ತು 13 ಅವನ್ನೇ ಅಡಗಿಸುತ್ತವೆ.

ಒಂದೇ ಮೈ, ಎರಡು ರೋಗ

ಈ ವ್ಯತ್ಯಾಸ ಮನುಷ್ಯರಿಂದ ಮನುಷ್ಯರಿಗೆ ಇರುವ ವ್ಯತ್ಯಾಸ ಮಾತ್ರವೇ ಎಂಬ ಸಂಶಯ ಬರಬಹುದು. 2011ರಲ್ಲಿ ಜರ್ಮನಿಯ ಸಂಶೋಧಕರು ಸೋರಿಯಾಸಿಸ್ ಮತ್ತು ಅಟಾಪಿಕ್ ಇಸುಬು ಎರಡೂ ಇದ್ದ ಮೂವರು ರೋಗಿಗಳ ಬಗ್ಗೆ ವರದಿ ಮಾಡಿದರು. ಒಬ್ಬನದೇ ರಕ್ತ, ಅವನದೇ ಜೀನ್. ಆದರೂ ಸೋರಿಯಾಸಿಸ್ ಕಲೆಯಿಂದ ತೆಗೆದ ಚೂರಿನಲ್ಲಿ ಟಿಎಚ್-17 ಮತ್ತು ಟಿಎಚ್-1 ಮುಂದಿದ್ದವು, ಇಸುಬಿನ ಚೂರಿನಲ್ಲಿ ಟಿಎಚ್-2 ಮುಂದಿತ್ತು. ಎರಡು ಪಂಗಡಗಳೂ ಒಂದನ್ನೊಂದು ಅದುಮುತ್ತಿದ್ದವು. ಕಲೆಯ ಸ್ವಭಾವವನ್ನು ತೀರ್ಮಾನಿಸುವುದು ಅಲ್ಲಿ ಬೀಡುಬಿಟ್ಟ ಕಣ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ.

ಹಾಗೆಂದು ಗಡಿ ಎಲ್ಲ ಕಡೆ ಕಲ್ಲುನೆಟ್ಟಷ್ಟು ಗಟ್ಟಿಯಲ್ಲ. ಜಪಾನ್, ಕೊರಿಯಾದ ಇಸುಬು ರೋಗಿಗಳ ಚರ್ಮದಲ್ಲಿ ಟಿಎಚ್-2 ಜೊತೆಗೆ ಟಿಎಚ್-17 ಕೂಡ ಗಣನೀಯವಾಗಿ ಕಂಡಿದೆ. ಬ್ರಿಟನ್ನಿನ ನ್ಯೂಕ್ಯಾಸಲ್‌ನಲ್ಲಿ ಮುಜ್ಲಿಫಾ ಹನೀಫಾ ಅವರ ತಂಡ 5 ಲಕ್ಷಕ್ಕೂ ಹೆಚ್ಚು ಜೀವಕೋಶಗಳನ್ನು ಒಂದೊಂದಾಗಿ ಓದಿ 2021ರಲ್ಲಿ ಪ್ರಕಟಿಸಿದ ಚರ್ಮದ ನಕ್ಷೆಯಲ್ಲಿ, ಕೆಲವು ರಕ್ತನಾಳ ಕಣ ಮತ್ತು ಭಕ್ಷಕ ಕಣಗಳು ಎರಡೂ ರೋಗಗಳಲ್ಲಿ ಒಂದೇ ಬಗೆಯಾಗಿ ವರ್ತಿಸುವುದು ಕಂಡಿತು. ಗರ್ಭದಲ್ಲಿ ಚರ್ಮ ಬೆಳೆಯುವಾಗ ಇದ್ದ ಹಳೆಯ ಕಾರ್ಯಕ್ರಮವನ್ನೇ ಅವು ಮತ್ತೆ ಹೊರತೆಗೆದಿದ್ದವು. ಹೀಗೆ ಒಂದೊಂದೇ ಕಣವನ್ನು ಓದುವ ವಿಧಾನ, ಕಣ್ಣಿಗೂ ಬಯಾಪ್ಸಿಗೂ ಗೊಂದಲ ತರುವ ಗುಳ್ಳೆಗಳನ್ನು ಯಾವ ರೋಗದ ಕಡೆ ಸೇರಿಸಬೇಕು ಎಂಬುದಕ್ಕೂ ಈಗ ಸಹಾಯಕ್ಕೆ ಬರುತ್ತಿದೆ.

ಸೊಪ್ಪು, ಸಿಮೆಂಟು, ಒಡವೆ: ಹಗೆ ಮರೆಯದ ಕಣ

ನಮ್ಮ ಹಳ್ಳಿಗಳಿಗೆ ತೀರ ಹತ್ತಿರದ್ದು ಸಂಪರ್ಕದ ಅಲರ್ಜಿ. ಇಲ್ಲಿ ಶತ್ರು ಹೊರಗಿನ ಒಂದು ರಾಸಾಯನಿಕ. ಮೊದಲ ಸಲ ತಾಗಿದಾಗ ಏನೂ ಆಗುವುದಿಲ್ಲ. ಕಾವಲು ಕಣಗಳು ಅದನ್ನು ಟಿ ಕಣಗಳಿಗೆ ಪರಿಚಯಿಸುತ್ತವೆ, ಟಿ ಕಣಗಳು ಹಗೆಯನ್ನು ನೆನಪಿಟ್ಟುಕೊಳ್ಳುತ್ತವೆ. ಮುಂದೆ ತಾಗಿದಾಗ ಒಂದೆರಡು ದಿನ ಬಿಟ್ಟು ಗುಳ್ಳೆ ಏಳುತ್ತದೆ. ಆ ಅಂತರದಿಂದಲೇ ಜನ ಮೋಸ ಹೋಗುತ್ತಾರೆ. ಭಾನುವಾರ ಹಚ್ಚಿದ ಹೇರ್ ಡೈಗೆ ಮಂಗಳವಾರ ಹಣೆ ಊದಿದರೆ, ಸೋಮವಾರ ತಿಂದ ಬದನೆಕಾಯಿಯ ಮೇಲೆ ತಪ್ಪು ಹೊರಿಸುತ್ತಾರೆ.

1950ರ ದಶಕದಲ್ಲಿ ಪುಣೆಯ ಬಳಿ ಗಮನಕ್ಕೆ ಬಂದ ಪಾರ್ಥೇನಿಯಂ ಇಂದು ನಮ್ಮ ರಸ್ತೆಬದಿಯಲ್ಲೆಲ್ಲ ‘ಕಾಂಗ್ರೆಸ್ ಗಿಡ’ವಾಗಿ ನಿಂತಿದೆ. ಅದರ ಎಲೆ, ಹೂವಿನ ಪುಡಿ ಗಾಳಿಯಲ್ಲಿ ತೇಲಿ ಬಂದು ಮುಖ, ಕತ್ತು, ಮೊಣಕೈ ಮಡಿಕೆಯ ಮೇಲೆ ಕೂರುತ್ತದೆ. ವರ್ಷಗಟ್ಟಲೆ ಕೂತರೆ ರೈತರ ಮುಖದ ಚರ್ಮ ತೊಗಲಿನಂತೆ ದಪ್ಪಗಾಗಿ ಮಡಿಕೆ ಬೀಳುತ್ತದೆ. ಇದನ್ನು ಬಿಸಿಲಿನ ಅಲರ್ಜಿಯಿಂದ ಬೇರ್ಪಡಿಸಲು ಒಂದು ಸುಲಭ ಗುರುತಿದೆ: ಕಣ್ಣಿನ ಮೇಲ್ರೆಪ್ಪೆ, ಕಿವಿಯ ಹಿಂಭಾಗ, ಗದ್ದದ ಕೆಳಗೆ ನೋಡಿ. ಬಿಸಿಲು ಅಲ್ಲಿಗೆ ಅಷ್ಟಾಗಿ ಬೀಳುವುದಿಲ್ಲ, ಗಾಳಿಯ ಪುಡಿ ಅಲ್ಲೂ ಕೂರುತ್ತದೆ.

ಇತರ ಸಾಮಾನ್ಯ ಕಾರಣಗಳು: ನಕಲಿ ಒಡವೆ, ವಾಚಿನ ಹಿಂಬದಿ, ಬೆಲ್ಟಿನ ಬಕಲ್‌ನ ನಿಕ್ಕಲ್, ಗಾರೆ ಕೆಲಸದವರಿಗೆ ಸಿಮೆಂಟಿನ ಕ್ರೋಮಿಯಂ, ಹೇರ್ ಡೈ ಮತ್ತು ‘ಕಪ್ಪು ಮೆಹಂದಿ’ಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕ, ಅಂಟು ಬಿಂದಿಯ ಗೋಂದಿನ ರಾಸಾಯನಿಕ. ಈ ಕೊನೆಯದು ಗುಳ್ಳೆ ಎಬ್ಬಿಸುವುದಷ್ಟೇ ಅಲ್ಲದೆ ಹಣೆಯಲ್ಲಿ ಬಿಳಿ ಮಚ್ಚೆಯನ್ನೂ ಉಳಿಸಬಲ್ಲದು. ಮಲೆನಾಡಿನವರಿಗೆ ಹೊಳೆಗೇರು ಮರದ ಸೊನೆಯ ಪರಿಚಯ ಬೇಡವೇ ಬೇಡ.

ಅಪರಾಧಿಯನ್ನು ಹಿಡಿಯುವ ಪ್ಯಾಚ್ ಪರೀಕ್ಷೆಯನ್ನು 1895ರಲ್ಲಿ ಜರ್ಮನ್ ಚರ್ಮತಜ್ಞ ಯೋಸೆಫ್ ಯಾಡಾಸೋನ್ ತೋರಿಸಿಕೊಟ್ಟರು. ಸಂಶಯದ ವಸ್ತುಗಳನ್ನು ಬೆನ್ನಿಗೆ ಪಟ್ಟಿಯಲ್ಲಿ ಅಂಟಿಸಿ, 48 ಗಂಟೆ ಬಿಟ್ಟು ತೆಗೆದು ನೋಡಿ, ಒಂದೆರಡು ದಿನದ ಮೇಲೆ ಮತ್ತೆ ನೋಡುತ್ತಾರೆ. ಟಿ ಕಣಗಳು ಬಂದು ಸೇರಲು ಬೇಕಾದ ಸಮಯವನ್ನೇ ಈ ಪರೀಕ್ಷೆ ಕಾಯುತ್ತದೆ. ಅಷ್ಟು ದಿನ ಬೆನ್ನು ನೆನೆಯಬಾರದು.

ಸಂಹಾರಕ ಕಣ ಬಂದಾಗ

ಮಣಿಕಟ್ಟಿನ ಒಳಬದಿ, ಕಾಲಿನ ಗೆಣ್ಣಿನ ಬಳಿ ನೇರಳೆ ಬಣ್ಣದ, ಚಪ್ಪಟೆ ತಲೆಯ, ಮೂಲೆ ಮೂಲೆಯಾದ ಚಿಕ್ಕ ಗಂಟುಗಳೆದ್ದು ವಿಪರೀತ ಕೆರೆದರೆ ಅದು ಲೈಕನ್ ಪ್ಲೇನಸ್ ಇರಬಹುದು. ಹನಿ ಎಣ್ಣೆ ಹಚ್ಚಿ ಭೂತಗನ್ನಡಿ ಹಿಡಿದರೆ ಮೇಲೆ ಬಿಳಿ ಜಾಲದಂಥ ಗೆರೆ ಕಾಣುತ್ತದೆ. ಬಾಯೊಳಗೆ, ಕೆನ್ನೆಯ ಒಳಬದಿಯಲ್ಲಿ ಅದೇ ಬಿಳಿ ಜಾಲ ಹರಡಿರಬಹುದು. ಅಡಿಕೆ, ತಂಬಾಕು ಜಗಿಯುವವರ ಬಾಯಲ್ಲಿ ಬೇರೆ ಬಗೆಯ ಬಿಳಿ ಕಲೆಗಳೂ ಬರುವುದರಿಂದ ಬಾಯಿಯ ಬಿಳುಪನ್ನು ಯಾರೂ ಊಹೆಗೆ ಬಿಡಬಾರದು, ವೈದ್ಯರಿಗೆ ತೋರಿಸಬೇಕು.

ಇಲ್ಲಿ ಮುಂದಾಳು ಸಿಡಿ-8 ಕಣ. ಅದರ ಸಂದೇಶ ಇಂಟರ್‌ಫೆರಾನ್ ಗ್ಯಾಮಾ. ಹೊರಚರ್ಮ ಮತ್ತು ಒಳಚರ್ಮ ಕೂಡುವ ಗೆರೆಯುದ್ದಕ್ಕೂ ಈ ಕಣಗಳು ಪಟ್ಟಿ ಕಟ್ಟಿದಂತೆ ಸಾಲಾಗಿ ನಿಂತು ತಳದ ಜೀವಕೋಶಗಳನ್ನು ಒಂದೊಂದಾಗಿ ಕೊಲ್ಲುತ್ತವೆ. ಸತ್ತ ಜೀವಕೋಶಗಳ ಬಣ್ಣ ಕೆಳಗೆ ಒಳಚರ್ಮಕ್ಕೆ ಸೋರುತ್ತದೆ, ಅಲ್ಲಿನ ಭಕ್ಷಕ ಕಣಗಳು ಅದನ್ನು ನುಂಗಿ ಹಿಡಿದುಕೊಳ್ಳುತ್ತವೆ. ರೋಗ ಹೋದ ಮೇಲೂ ನಮ್ಮ ಕಂದು ಚರ್ಮದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಪ್ಪು ಕಲೆ ಉಳಿಯುವುದು ಇದಕ್ಕೇ. ಆ ಬಣ್ಣ ಇರುವುದು ಆಳದಲ್ಲಿ. ಬಿಳುಪಿನ ಕ್ರೀಮು ಅಲ್ಲಿಗೆ ಮುಟ್ಟುವುದಿಲ್ಲ.

ತೊನ್ನಿನಲ್ಲೂ ಇದೇ ಸಿಡಿ-8 ಕಣ, ಇದೇ ಇಂಟರ್‌ಫೆರಾನ್. ಆದರೆ ಗುರಿ ಮಾತ್ರ ಬಣ್ಣ ತಯಾರಿಸುವ ಮೆಲನೋಸೈಟ್. ಹಾಗಾಗಿ ತುರಿಕೆ, ಹೊಟ್ಟು ಸಾಮಾನ್ಯವಾಗಿ ಇರುವುದಿಲ್ಲ, ಬಣ್ಣ ಮಾತ್ರ ಹೋಗುತ್ತದೆ. ತೊನ್ನು ಅಂಟುರೋಗವಲ್ಲ, ಮೀನು-ಹಾಲು ಕೂಡಿದ್ದರಿಂದ ಬರುವುದೂ ಅಲ್ಲ. ಈ ಕಣಗಳ ಸಂದೇಶವನ್ನು ತಡೆಯುವ ರುಕ್ಸೊಲಿಟಿನಿಬ್ ಮುಲಾಮಿಗೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಕಣ ತಿಳಿದರೆ ಮದ್ದು ತಿಳಿಯುತ್ತದೆ

ಐಎಲ್-17ಅನ್ನು ಕಟ್ಟಿಹಾಕುವ ಸೆಕುಕಿನುಮ್ಯಾಬ್ ಚುಚ್ಚುಮದ್ದು 2015ರಲ್ಲಿ ಅಮೆರಿಕದಲ್ಲಿ ಸೋರಿಯಾಸಿಸ್‌ಗೆ ಅನುಮತಿ ಪಡೆಯಿತು. ಐಎಲ್-4, 13ರ ಬಾಗಿಲು ಮುಚ್ಚುವ ಡುಪಿಲುಮ್ಯಾಬ್ 2017ರಲ್ಲಿ ಅಟಾಪಿಕ್ ಇಸುಬಿಗೆ ಬಂತು. ನಮ್ಮ ಬೆಂಗಳೂರಿನ ಬಯೋಕಾನ್ ಕೂಡ ಈ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟಿದೆ: ಟಿ ಕಣದ ಮೇಲಿನ ಸಿಡಿ-6 ಎಂಬ ಗುರುತಿಗೆ ಅಂಟಿಕೊಳ್ಳುವ ಇಟೊಲಿಜುಮ್ಯಾಬ್ ಔಷಧಿಯನ್ನು 2013ರಲ್ಲಿ ಸೋರಿಯಾಸಿಸ್‌ಗೆಂದು ಮಾರುಕಟ್ಟೆಗೆ ತಂದಿತು.

ಇವನ್ನು ಅದಲುಬದಲು ಮಾಡಲಾಗದು. ಸೋರಿಯಾಸಿಸ್‌ಗೆ ಐಎಲ್-17 ತಡೆದಾಗ ಕೆಲವರಿಗೆ ಇಸುಬು ಎದ್ದಿದೆ. ಇಸುಬಿಗೆ ಡುಪಿಲುಮ್ಯಾಬ್ ಕೊಟ್ಟಾಗ ಕೆಲವರಿಗೆ ಸೋರಿಯಾಸಿಸ್‌ನಂಥ ಕಲೆ ಮೂಡಿದೆ. ತಕ್ಕಡಿಯ ಒಂದು ತಟ್ಟೆ ಇಳಿಸಿದರೆ ಇನ್ನೊಂದು ಏರಿದಂತೆ. ಅಡ್ಡಪರಿಣಾಮಗಳೂ ಆಯಾ ಕಣದ ಮೂಲ ಕೆಲಸವನ್ನೇ ಹಿಡಿದು ಬರುತ್ತವೆ. ಶಿಲೀಂಧ್ರದಿಂದ ಕಾಯುವ ಐಎಲ್-17 ತಡೆದರೆ ಬಾಯಲ್ಲಿ ಕ್ಯಾಂಡಿಡಾ ಸೋಂಕು ಬರಬಹುದು. ಕ್ಷಯದ ಗಂಟನ್ನು ಬಿಗಿಹಿಡಿದಿರುವ ಟಿಎನ್‌ಎಫ್ ಎಂಬ ಸಂದೇಶವನ್ನು ತಡೆದರೆ ಮಲಗಿದ್ದ ಕ್ಷಯ ಎದ್ದೇಳಬಹುದು. ವೈರಸ್ ತಡೆಯುವ ಸಂದೇಶಗಳನ್ನು ಅಡಗಿಸುವ ಜೆಎಕೆ ತಡೆ ಮಾತ್ರೆಗಳಿಂದ ಸರ್ಪಸುತ್ತು ಬರಬಹುದು. ಅದಕ್ಕೇ ಇಂಥ ಔಷಧಿ ಶುರುಮಾಡುವ ಮೊದಲು ಕ್ಷಯ, ಹೆಪಟೈಟಿಸ್ ಪರೀಕ್ಷೆ ಮಾಡಿಸಲು ವೈದ್ಯರು ಹೇಳುತ್ತಾರೆ. ‘ಚರ್ಮಕ್ಕೆ ಬಂದರೆ ಎದೆಯ ಎಕ್ಸ್‌ರೇ ಏಕೆ?’ ಎಂದು ಬೇಸರಪಡಬೇಡಿ.

ಈ ಚುಚ್ಚುಮದ್ದುಗಳು ದುಬಾರಿ, ಎಲ್ಲರಿಗೂ ಬೇಕಾಗುವುದೂ ಇಲ್ಲ. ಮುಲಾಮು, ಬೆಳಕಿನ ಚಿಕಿತ್ಸೆ, ಮೆಥೊಟ್ರೆಕ್ಸೇಟ್ ಮಾತ್ರೆಯಲ್ಲೇ ಬಹಳ ಜನರ ರೋಗ ಹಿಡಿತಕ್ಕೆ ಬರುತ್ತದೆ. ಮೆಥೊಟ್ರೆಕ್ಸೇಟ್ ಬಗ್ಗೆ ಒಂದು ಮಾತು ಗೋಡೆಯ ಮೇಲೆ ಬರೆದಿಡಿ: ಚರ್ಮರೋಗಕ್ಕೆ ಅದನ್ನು ತೆಗೆದುಕೊಳ್ಳುವುದು ವಾರಕ್ಕೆ ಒಂದೇ ದಿನ. ತಪ್ಪಿ ದಿನವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಬಸುರಿಯರು, ಮಗು ಬೇಕೆನ್ನುವ ದಂಪತಿಗಳು ವೈದ್ಯರಿಗೆ ಮೊದಲೇ ಹೇಳಬೇಕು.

ವಾಸಿಯಾದ ಸೋರಿಯಾಸಿಸ್ ಅದೇ ಮೊಣಕೈಗೆ, ಅದೇ ಅಳತೆಗೆ ಮರಳುವುದೇಕೆ ಎಂದು ರೋಗಿಗಳು ಕೇಳುತ್ತಾರೆ. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯವರು 2014ರಲ್ಲಿ ತೋರಿಸಿದಂತೆ, ಕಣ್ಣಿಗೆ ಪೂರ್ತಿ ವಾಸಿಯಾಗಿ ಕಂಡ ಜಾಗದಲ್ಲೂ ಐಎಲ್-17 ಮತ್ತು 22 ಸುರಿಸಬಲ್ಲ ನೆನಪಿನ ಟಿ ಕಣಗಳು ಮನೆ ಮಾಡಿಕೊಂಡಿರುತ್ತವೆ. ಕಲೆ ಮಾಯವಾದ ದಿನವೇ ಔಷಧಿ ಬಿಸಾಡಬಾರದು ಎನ್ನುವುದು ಇದಕ್ಕೇ.

ಇಸುಬಲ್ಲದ ಹುಳುಕಡ್ಡಿ

ತೊಡೆಸಂದು, ಸೊಂಟದಲ್ಲಿ ಉಂಗುರದಂತೆ ಹರಡುವ ಹುಳುಕಡ್ಡಿ ಶಿಲೀಂಧ್ರದ ಸೋಂಕು. ಅಲ್ಲಿ ರಕ್ಷಣಾ ಕಣಗಳು ನ್ಯಾಯವಾಗಿಯೇ ಹೋರಾಡುತ್ತಿರುತ್ತವೆ. ಸ್ಟೀರಾಯ್ಡ್ ಮುಲಾಮು ಅವೆಲ್ಲವನ್ನೂ ಒಟ್ಟಿಗೆ ಮಲಗಿಸುತ್ತದೆ. ತುರಿಕೆ ಇಳಿದದ್ದು ಕಾವಲುಗಾರ ಮಲಗಿದ್ದರಿಂದ. ಶಿಲೀಂಧ್ರ ಅದೇ ಹೊತ್ತಿನಲ್ಲಿ ಹಬ್ಬುತ್ತಿರುತ್ತದೆ. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರದಂತೆ ನಿಯಮ ಬಿಗಿಮಾಡಿತು. ಆ ನಿಯಮವನ್ನು ಅಂಗಡಿಯವರು ಮರೆತರೂ ಕೊಳ್ಳುವವರು ಮರೆಯಬಾರದು.

ವೈದ್ಯರ ಬಳಿ ಹೋಗುವ ಮುನ್ನ

1. ಕಲೆ ಜೋರಾಗಿದ್ದಾಗ ಹಗಲು ಬೆಳಕಿನಲ್ಲಿ ಫೋಟೋ ತೆಗೆದಿಡಿ. ನಮ್ಮ ಮೈಬಣ್ಣದಲ್ಲಿ ‘ಕೆಂಪು’ ಕೆಂಪಾಗಿಯೇ ಕಾಣುವುದಿಲ್ಲ. ನೇರಳೆ, ಕಂದು, ಬೂದಿ ಬಣ್ಣವಾಗಿ ಕಾಣುತ್ತದೆ. ಪುಸ್ತಕದ ಬಿಳಿ ಚರ್ಮದ ಚಿತ್ರಕ್ಕೆ ಹೋಲಿಸಿ ‘ನನ್ನದು ಅದಲ್ಲ’ ಎಂದುಕೊಳ್ಳಬೇಡಿ.

2. ಈವರೆಗೆ ಹಚ್ಚಿದ ಟ್ಯೂಬು, ಎಣ್ಣೆ, ನಾಟಿ ಮದ್ದು ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಬಿಪಿ, ಸಕ್ಕರೆ, ಮನೋರೋಗದ ಮಾತ್ರೆಗಳ ಚೀಟಿಯೂ ಇರಲಿ. ಬಿಪಿಯ ಕೆಲವು ಮಾತ್ರೆ, ಲಿಥಿಯಂ, ಕ್ಲೋರೋಕ್ವಿನ್ ಸೋರಿಯಾಸಿಸ್ ಕೆರಳಿಸಬಲ್ಲವು.

3. ಇವಕ್ಕೆ ಉತ್ತರ ಸಿದ್ಧವಿರಲಿ: ಮೊದಲು ಎಲ್ಲಿ ಬಂತು? ಗಾಯವಾದ, ಗೀರಿದ ಜಾಗದಲ್ಲೇ ಹೊಸದಾಗಿ ಏಳುತ್ತದೆಯೇ? ಗಂಟಲುನೋವಿನ ನಂತರ ಬಂತೇ? ಕೀಲು ನೋಯುತ್ತದೆಯೇ? ಕೆಲಸ ಏನು? ಮನೆಯಲ್ಲಿ ಇನ್ನಾರಿಗಾದರೂ ತುರಿಕೆ ಇದೆಯೇ?

4. ಗೊಂದಲವಿದ್ದರೆ ಚರ್ಮ ಕೆರೆದು ಶಿಲೀಂಧ್ರ ಪರೀಕ್ಷೆ, ಅಥವಾ ಬಯಾಪ್ಸಿ ಮಾಡುತ್ತಾರೆ. ಬಯಾಪ್ಸಿ ಎಂದೊಡನೆ ಕ್ಯಾನ್ಸರ್ ಎಂದು ಹೆದರಬೇಡಿ. ಮರಗಟ್ಟಿಸಿ, ಸಾಮಾನ್ಯವಾಗಿ ಮೂರು-ನಾಲ್ಕು ಮಿಲಿಮೀಟರ್ ಅಗಲದ ಚೂರು ತೆಗೆದು, ಯಾವ ಕಣಗಳು ಎಲ್ಲಿ ಕೂತಿವೆ ಎಂದು ನೋಡುತ್ತಾರೆ.

ಮನೆಯಲ್ಲಿ

ಎಲ್ಲ ಉರಿಯೂತಕ್ಕೂ ಸಲ್ಲುವ ಒಂದು ಆರೈಕೆ ಇದ್ದರೆ ಅದು ತೇವ. ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ ಮುಗಿಸಿ, ಮೈ ಒತ್ತಿ ಒರೆಸಿ, ಪಸೆ ಆರುವ ಮೊದಲೇ ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಧಾರಾಳವಾಗಿ ಹಚ್ಚಿ. ಪೆಟ್ರೋಲಿಯಂ ಜೆಲ್ಲಿಯೂ ಆಗುತ್ತದೆ. ಕಡಲೆಹಿಟ್ಟು, ಸ್ಪಂಜು, ಕಲ್ಲಿನಿಂದ ಉಜ್ಜುವುದು ಬೇಡ. ಗೀರಿದಲ್ಲೆಲ್ಲ ಸೋರಿಯಾಸಿಸ್ ಮತ್ತು ಲೈಕನ್ ಪ್ಲೇನಸ್ ಹೊಸ ಕಲೆ ಹಾಕುತ್ತವೆ.

ವೈದ್ಯರು ಸ್ಟೀರಾಯ್ಡ್ ಬರೆದುಕೊಟ್ಟರೆ ಹೆದರಿ ದೂರವಿಡುವುದೂ ತಪ್ಪು. ಸರಿಯಾದ ರೋಗಕ್ಕೆ, ಸರಿಯಾದ ಬಲದ್ದು, ಹೇಳಿದಷ್ಟು ದಿನ ಹಚ್ಚಿದರೆ ಅದು ಒಳ್ಳೆಯ ಔಷಧಿ. ಅಳತೆ ಇಷ್ಟು: ತೋರುಬೆರಳಿನ ತುದಿಯ ಗಿಣ್ಣಿನಷ್ಟು ಉದ್ದ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಅದು ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಸೋರಿಯಾಸಿಸ್ ಇರುವವರು ಸ್ಟೀರಾಯ್ಡ್ ಮಾತ್ರೆ, ಇಂಜೆಕ್ಷನ್‌ಗಳನ್ನು ಸ್ವಂತಕ್ಕೆ ತೆಗೆದುಕೊಳ್ಳಬಾರದು. ನಿಲ್ಲಿಸಿದಾಗ ಮೈಯೆಲ್ಲ ಕೀವುಗುಳ್ಳೆಯಾಗಿ ಸ್ಫೋಟಿಸಬಹುದು.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು: ಮೈ ಪೂರ್ತಿ ಕೆಂಪೇರಿ ಸಿಪ್ಪೆ ಸುಲಿಯುತ್ತಿದ್ದರೆ, ಜ್ವರದ ಜೊತೆ ಕೀವುಗುಳ್ಳೆ ಎದ್ದರೆ, ಬಾಯಿ, ಕಣ್ಣು, ಗುಪ್ತಾಂಗದಲ್ಲಿ ಹುಣ್ಣು ಬಂದರೆ, ಇಸುಬಿರುವ ಮಗುವಿಗೆ ಜ್ವರ ಬಂದು ನೋಯುವ ನೀರುಗುಳ್ಳೆಗಳು ಗುಂಪಾಗಿ ಎದ್ದರೆ.

ಸೋರಿಯಾಸಿಸ್, ಅಟಾಪಿಕ್ ಇಸುಬು, ಲೈಕನ್ ಪ್ಲೇನಸ್, ತೊನ್ನು, ಸಂಪರ್ಕದ ಅಲರ್ಜಿ ಇವೆಲ್ಲ ಆ ಮನುಷ್ಯನದೇ ರಕ್ಷಣಾ ಕಣಗಳಿಂದ ಬರುವ ರೋಗಗಳು. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ತಟ್ಟೆ ಬೇರೆ ಇಡಬೇಕಿಲ್ಲ, ಮಗುವನ್ನು ಶಾಲೆ ಬಿಡಿಸಬೇಕಿಲ್ಲ, ಮದುವೆ ಮಾತು ಮುರಿಯಬೇಕಿಲ್ಲ. ಮುಂದಿನ ಸಲ ಮೈ ತುರಿಸಿದಾಗ ಅಂಗಡಿಗೆ ಹೋಗಿ ಟ್ಯೂಬ್ ಕೇಳುವ ಮೊದಲು ಚರ್ಮತಜ್ಞರ ಬಳಿ ಹೋಗಿ ಈ ಒಂದು ಪ್ರಶ್ನೆ ಕೇಳಿ: ‘ಡಾಕ್ಟ್ರೇ, ನನ್ನದು ಯಾವ ಬಗೆಯ ಉರಿಯೂತ?’ ಚಿಕಿತ್ಸೆ ಶುರುವಾಗುವುದು ಆ ಪ್ರಶ್ನೆಯ ಉತ್ತರದಿಂದ.